ಮೂರು ದಿನದ ಗುಳಿಗೆ

ಅಕ್ಕನಿಗೆ ಗುಳಿಗೆ ತಂದುಕೊಡುವ ರೂಢಿ ಹಾಕಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅದೂ ಒಂದು ನೆಪದ ಹಾಗೆ ಕೇಳಿಸುತ್ತದೆ.

ಅವಳನ್ನು ಯಾವಗಲ್ ಎಂಬ ಹಳ್ಳಿಗೆ ಕೊಟ್ಟಿದ್ದರು. ನಾನು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವಳು ಸಾಲಿಯ ಮುಖ ಕಂಡದ್ದು ಎರಡೇ ವರ್ಷ. ನನ್ನನ್ನು ಓದಿಸಬೇಕೆಂದು ಮನೆಯ ಕೆಲಸವೆಲ್ಲ ಮೈಮೇಲೆ ಹಾಕಿಕೊಂಡವಳು. ಮದುವೆಯಾದ ಮೇಲೆ ಅವಳ ದಿನವೆಲ್ಲ ಹೊಲದಲ್ಲೇ. ಅದು ಎರೆಹೊಲ, ಅಂಗೈಯಂತೆ ಸಪಾಟು. ಕಣ್ಣು ಹಾಯುವಷ್ಟು ದೂರ ಕಡಲೆ, ಹತ್ತಿ, ಆಚೀಚೆ ಹೊಲಗಳಲ್ಲಿ ಗಂಡಸರು. ಹೆಂಗಸೊಬ್ಬಳು ಮರೆಗೆ ಕೂರಲು ಒಂದು ಗಿಡವಿಲ್ಲ. ಕತ್ತಲಾಗುವ ತನಕ ತಡೆದುಕೊಳ್ಳಬೇಕಲ್ಲ ಎಂದು ಅವಳು ನೀರನ್ನೇ ಕುಡಿಯುತ್ತಿರಲಿಲ್ಲ. ಗಂಡಸರು ತತ್ರಾಣಿ ಎತ್ತಿ ಗಟಗಟ ಕುಡಿಯುವಾಗ ಇವಳು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು.

ಒಮ್ಮೆ ಸಂತೆಗೆಂದು ರೋಣಕ್ಕೆ ಬಂದವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು.

"ಉಚ್ಚಿ ಹೊಯ್ಯೂ ಮುಂದ ಬೆಂಕಿ ಇಟ್ಟಂಗ ಆಗತೈತವಾ. ನಾಕ ದಿನ ಆತು."

"ದವಾಖಾನಿಗೆ ಹೋಗೂನು ನಡಿ."

"ಗಂಡಸ ಡಾಕ್ಟರ ಮುಂದ ಇದನ್ನ ಹ್ಯಾಂಗ ಹೇಳಲೇ? ನೀ ಓದಿದಾಕಿ ಇದ್ದೀ. ನೀನ ಏನರ ಗುಳಿಗಿ ತಂದ ಕೊಡು."

ಹಿಂದೆ ನನಗೂ ಹೀಗೇ ಉರಿಮೂತ್ರವಾದಾಗ ಡಾಕ್ಟರು ಬರೆದುಕೊಟ್ಟ ಗುಳಿಗೆಯ ಹೆಸರು ನೆನಪಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಗೆ ಹೋಗಿ ಆ ಹೆಸರು ಹೇಳಿದೆ. ಅಂಗಡಿಯವನು ಚೀಟಿ ಕೇಳಲಿಲ್ಲ. "ಎಷ್ಟ ಕೊಡ್ಲಿರಿ ಟೀಚರ?" ಎಂದ. "ಮೂರ ದಿನದ್ದು ಕೊಡ್ರಿ" ಎಂದೆ. ಅವನು ಕತ್ತರಿಯಿಂದ ಕತ್ತರಿಸಿ ಕೊಟ್ಟ.

ಎರಡೇ ದಿನದಲ್ಲಿ ಉರಿ ಹೋಯಿತು. ಉಳಿದವನ್ನು ಅಕ್ಕ ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಹೋದಳು. ಮತ್ತೆ ಬಂದರೆ ಇರಲಿ ಎಂದು. ಮತ್ತೆ ಬಂತು. ಗಂಡನಿಗೂ ಹೇಳಲು ನಾಚಿ ನನಗೆ ಫೋನ್ ಮಾಡಿದಳು. ಯಾವಗಲ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಗುಳಿಗೆ ಕೊಟ್ಟು ಕಳಿಸಿದೆ. ಆಮೇಲೆ ವರ್ಷಕ್ಕೆ ನಾಲ್ಕೈದು ಸಲ ಇದೇ ನಡೆಯಿತು. ಯಾವಾಗಲೋ ಆ ಗುಳಿಗೆ ಹಿಡಿಯದಾಯಿತು. ಅಂಗಡಿಯವನಿಗೆ ಹೇಳಿದರೆ, "ಇದಕ್ಕಿಂತ ಸ್ಟ್ರಾಂಗ್ ಐತ್ರಿ, ಇದನ್ನ ಕೊಟ್ಟ ನೋಡ್ರಿ" ಎಂದು ಬೇರೆಯದು ಕೊಟ್ಟ. ಅದೂ ಕೆಲವು ಕಾಲ ನಡೆಯಿತು. ಆಮೇಲೆ ಮೂರನೆಯದು. ಒಮ್ಮೆಯೂ ಮೂತ್ರ ಪರೀಕ್ಷೆ ಮಾಡಿಸಬೇಕು ಅನ್ನಿಸಲಿಲ್ಲ. ಅದೇ ದಿನಗಳಲ್ಲಿ ನಾನು ತರಗತಿಯಲ್ಲಿ ಹಲಗೆಯ ಮೇಲೆ ಬ್ಯಾಕ್ಟೀರಿಯಾದ ಚಿತ್ರ ಬರೆದು, ವೈದ್ಯರ ಸಲಹೆಯಿಲ್ಲದೆ ಪ್ರತಿಜೀವಕ ತೆಗೆದುಕೊಳ್ಳಬಾರದು, ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ.

ಕಡಲೆ ಕೀಳುವ ಸುಗ್ಗಿಯಲ್ಲಿ ಒಂದು ಮುಂಜಾನೆ ಭಾವನ ಫೋನ್ ಬಂತು. "ನಿಮ್ಮಕ್ಕ ಗಡಗಡ ನಡಗಾಕ್ಹತ್ತ್ಯಾಳ. ಮೈ ಕೆಂಡ ಆಗೇತಿ. ಏನೇನೋ ಮಾತಾಡ್ತಾಳ." ನೆರೆಯವರ ಗಾಡಿಯಲ್ಲಿ ಗದಗಕ್ಕೆ ಒಯ್ದೆವು. ದೊಡ್ಡ ದವಾಖಾನೆ. ನೋಡಿದವಳು ಒಬ್ಬ ಹೆಣ್ಣು ಡಾಕ್ಟರು, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟು ವಯಸ್ಸಿನ ಹುಡುಗಿ. ಜ್ವರ ಸ್ವಲ್ಪ ಇಳಿದಾಗ ಅಕ್ಕ ಅವಳನ್ನೇ ನೋಡುತ್ತ ನನ್ನ ಕಿವಿಯಲ್ಲಿ ಹೇಳಿದಳು: "ಹೆಣ್ಮಕ್ಕಳ ಡಾಕ್ಟರೂ ಇರ್ತಾರ ನೋಡ. ಮೊದಲ ಗೊತ್ತಿದ್ದರ ಬರ್ತಿದ್ದೆ." ರೋಣದಲ್ಲೇ, ನಮ್ಮ ಸಾಲಿಯ ಹಿಂದಿನ ಓಣಿಯಲ್ಲೇ ಒಬ್ಬರು ಇದ್ದರು. ನಾನೂ ವಿಚಾರಿಸಿರಲಿಲ್ಲ. ಗುಳಿಗೆ ತರುವುದು ಸುಲಭವಿತ್ತು.

ಮೂತ್ರ ಮತ್ತು ರಕ್ತವನ್ನು ಕಲ್ಚರ್‌ಗೆ ಕಳಿಸಿದರು. ಯಾವ ರೋಗಾಣು, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಬೆಳೆಸಿ ನೋಡುವ ಪರೀಕ್ಷೆ. ಮೂರನೆಯ ದಿನ ವರದಿ ಬಂತು. ಔಷಧಿಗಳ ಉದ್ದನೆಯ ಪಟ್ಟಿ, ಒಂದೊಂದರ ಮುಂದೆ ಒಂದೊಂದು ಅಕ್ಷರ. ಆರ್ ಎಂದರೆ ಆ ಔಷಧಿಗೆ ರೋಗಾಣು ಬಗ್ಗುವುದಿಲ್ಲ. ಮೇಲಿನಿಂದ ಕೆಳಗೆ ಆರ್, ಆರ್, ಆರ್. ನಾನು ಕೊಂಡು ಕಳಿಸಿದ ಮೂರೂ ಅದರಲ್ಲಿದ್ದವು. ಕೆಳಗೆ ಎರಡು ಇಂಜೆಕ್ಷನ್ನಿನ ಮುಂದೆ ಮಾತ್ರ ಬೇರೆ ಅಕ್ಷರವಿತ್ತು.

ಡಾಕ್ಟರು ಹಾಸಿಗೆಯ ಹತ್ತಿರ ಬಂದು ಕೇಳಿದರು. "ಈ ಮೊದಲ ಯಾವ ಗುಳಿಗಿ ತಗೊಂಡಿದ್ರಿ? ಯಾರು ಬರದ ಕೊಟ್ಟಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಯಾರೂ ಇಲ್ರಿ. ನಾನ ಅಂಗಡ್ಯಾಗ ಕೇಳಿ ಕೇಳಿ ತಿಂದೀನ್ರಿ."

ಹೇಳಿ ಆ ಕಡೆ ಮುಖ ಮಾಡಿದಳು. ಭಾವನಿಗೆ ಸಿಟ್ಟು ಬಂತು. "ಅಕ್ಷರ ಬಾರದಾಕಿ, ಕಂಡ ಕಂಡ ಗುಳಿಗಿ ನುಂಗಿ ಕುಂತಿ. ತಂಗಿ ಟೀಚರ್ ಅದಾಳ, ಆಕಿನ್ನರ ಒಂದ ಮಾತ ಕೇಳಬಾರದಿತ್ತ?"

ನಾನು ಅಲ್ಲೇ ನಿಂತಿದ್ದೆ. ನನ್ನ ಕೈಯಲ್ಲಿ ಆ ವರದಿ ಇತ್ತು. ಡಾಕ್ಟರು, "ಬೈಬ್ಯಾಡ್ರಿ, ಭಾಳ ಮಂದಿ ಹಿಂಗ ಮಾಡ್ತಾರ" ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ವರದಿಯಲ್ಲಿದ್ದ ಆ ಇಂಜೆಕ್ಷನ್ ಶುರುವಾಯಿತು. ಆದರೆ ಅಷ್ಟರಲ್ಲಿ ನಂಜು ರಕ್ತಕ್ಕೆ ಇಳಿದಿತ್ತು, ಮೂತ್ರಪಿಂಡಗಳು ಕೈಬಿಡುತ್ತಿದ್ದವು. ಒಂದು ದಿನ ಎದ್ದು ಕೂತು ಗಂಜಿ ಕುಡಿದಳು, ಬದುಕಿದಳು ಎಂದುಕೊಂಡೆವು. ಒಂಬತ್ತನೆಯ ದಿನ ಮಧ್ಯಾಹ್ನ ಹೋದಳು.

ದಿನಕರ್ಮಕ್ಕೆ ಬಂದ ಹೆಂಗಸರೆಲ್ಲ ಒಂದೇ ಮಾತಾಡಿದರು. ಪಾಪ, ತಿಳಿವಳಿಕೆ ಇರಲಿಲ್ಲ, ಓದಿದ್ದರೆ ಹೀಗಾಗುತ್ತಿರಲಿಲ್ಲ ಎಂದು. ನನ್ನನ್ನು ತೋರಿಸಿ, "ತಂಗಿ ನೋಡ್ರಿ ಎಷ್ಟು ಶಾಣ್ಯಾಕಿ" ಎಂದರು. ನಾನು ಅವರಿಗೆಲ್ಲ ಚಹಾ ಹಂಚಿದೆ.

ಕೆಲವು ದಿನ ಬಿಟ್ಟು ಸಿಟ್ಟಿನಿಂದ ಔಷಧಿ ಅಂಗಡಿಗೆ ಹೋದೆ. "ಚೀಟಿ ಇಲ್ಲದ ಇಂಥವನ್ನ ಕೊಡಬ್ಯಾಡ್ರಿ. ನಮ್ಮಕ್ಕ ಸತ್ತಳು" ಎಂದೆ. ಅವನು ನಿಜವಾಗಿಯೂ ನೊಂದುಕೊಂಡ, ಸ್ಟೂಲಿನಿಂದ ಎದ್ದು ನಿಂತ. ಆಮೇಲೆ ಮೆಲ್ಲಗೆ, "ಖರೇ ಐತ್ರಿ ಟೀಚರ. ಆದ್ರ ಹೆಸರು ಹೇಳಿ ಕೇಳಿದಾವ್ರು ನೀವ ಅಲ್ರಿ? ಓದಿದಾವ್ರು, ತಿಳದ ಒಯ್ತಾರ ಅಂತ ನಾ ಕೊಟ್ಟೆ" ಎಂದ. ಹಿಂದೆ ನಿಂತಿದ್ದವರು ಲಗೂ ಮಾಡಿ ಎಂದು ಕೈ ಚಾಚುತ್ತಿದ್ದರು. ನಾನು ಪಕ್ಕಕ್ಕೆ ಸರಿದೆ.

ಭಾವನಿಗೆ ಹೇಳಲು ಹತ್ತು ತಿಂಗಳು ಬೇಕಾಯಿತು. ಒಂದು ರವಿವಾರ ಯಾವಗಲ್ಲಿಗೆ ಹೋದೆ. ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದೆ: ಗುಳಿಗೆ ಕಳಿಸಿದವಳು ನಾನು, ದವಾಖಾನೆಯಲ್ಲಿ ಅವಳು ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು, ನಾನು ಬಾಯಿ ಬಿಡಲಿಲ್ಲ. ಭಾವ ನೆಲ ನೋಡುತ್ತ ಕೇಳಿದರು. ಆಮೇಲೆ ಹೇಳಿದರು:

"ಸಾಯಾಕ್ಹತ್ತಿದಾಕಿನ್ನ ನಾ ಬೈದ್ನಲ್ಲ. ಮಂದಿ ಮುಂದ ಬೈದೆ. ನೀ ಅಲ್ಲೇ ನಿಂತಿದ್ದಿ."

"ಹೌದ ಭಾವಾ."

"ಈಗ್ಯಾಕ ಹೇಳಾಕ ಬಂದಿ? ನಾ ಇನ್ನ ಆಕಿಗೆ ಏನಂತ ಹೇಳ್ಲಿ?"

ಎದ್ದು ಎತ್ತುಗಳಿಗೆ ಮೇವು ಹಾಕಲು ಹೋದರು. ಅಕ್ಕನ ಸೊಸೆ ಊಟಕ್ಕೆ ಏಳಿ ಎಂದಳು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ. ಅಂದಿನಿಂದ ಅವರ ಫೋನ್ ಬಂದಿಲ್ಲ, ಅಕ್ಕನ ವರ್ಷದ ತಿಥಿಗೂ ನನಗೆ ಕರೆಯಿರಲಿಲ್ಲ.