ಉಡಿಯ ಕೊಬ್ಬರಿ ವಿಮಾನ ಹತ್ತಲಿಲ್ಲ

ಗೆಳೆಯರೇ, ಒಣ ಕೊಬ್ಬರಿ ಎಷ್ಟು ಅಪಾಯದ ವಸ್ತು ಅಂತ ನನಗೆ ಮೊನ್ನೆಯಷ್ಟೇ ಗೊತ್ತಾಯಿತು. ಬೆಂಗಳೂರಿನಲ್ಲಿ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಅವಳ ಉಡಿ ತುಂಬಲು ನನ್ನ ಹೆಂಡತಿ ಜೇವರ್ಗಿಯ ಮನೆಯಿಂದಲೇ ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಬಂದಿದ್ದಳು. ವಿಮಾನ ನಿಲ್ದಾಣದಲ್ಲಿ ಕಂಪನಿಯ ಕೌಂಟರಿನ ಹುಡುಗಿ ಚೀಲ ತಡೆದಳು.

"ಅಂಕಲ್, ಇದು ಬಿಡಂಗಿಲ್ರಿ. ಬೆಂಕಿ ಹತ್ತೋ ಸಾಮಾನು."

"ಯವ್ವಾ, ನಮ್ಮನ್ಯಾಗ ಒಲಿ ಬಾಜೂಕೇ ಇರ್ತದ. ಒಮ್ಮಿನೂ ಹತ್ತಿಲ್ಲ!"

"ರೂಲ್ಸ್ ಅದಾವ್ರಿ. ಹಸಿ ಕಾಯಿ ಇದ್ರ ಲಗೇಜಿನ್ಯಾಗ ನಡೀತದ."

"ಅದೇ ಕಾಯಿ ಒಣಗಿದ್ರ ಇದಾಗ್ತದಲ್ಲವಾ?"

"ಒಣಗಿದ್ರ ನಡ್ಯಂಗಿಲ್ರಿ. ಕಸದ ಡಬ್ಬಿ ಅಲ್ಲೈತಿ."

ನಾನು ಚೀಲ ಹಿಡಿದು ಡಬ್ಬಿಯ ಕಡೆ ತಿರುಗಿದೆ. ನನ್ನ ಹೆಂಡತಿ ಮಾತ್ರ ಮುಂದೆ ಬಂದಳು.

"ತವರಿನ ಉಡಿ ಕಸದಾಗ ಹಾಕ್ತಾರೇನ್ ಬೇ? ಲಗ್ನ ಆಗೇದೇನ್ ನಿಂದು?"

"ಹೌದ್ರಿ ಅಮ್ಮಾ."

"ಹಂಗಾದ್ರ ಉಡಿ ಒಡ್ಡು."

ಹುಡುಗಿ ಆಚೆ ಈಚೆ ನೋಡಿ, ಸೆರಗಿಲ್ಲದ್ದಕ್ಕೆ ಕೋಟಿನ ಅಂಚನ್ನೇ ಒಡ್ಡಿದಳು. ನನ್ನಾಕಿ ಕುಂಕುಮ ಹಚ್ಚಿ, ಬಟ್ಟಲುಗಳನ್ನೆಲ್ಲ ಹಾಕಿ, "ಗಂಡು ಹಡಿ, ಹೆಣ್ಣು ಹಡಿ, ಸುಖವಾಗಿ ಹಡಿ" ಅಂದಳು. ಬೆಂಕಿ ಹತ್ತುತ್ತದೆ ಎಂದವಳೇ ಅದನ್ನು ಮಡಿಲಲ್ಲಿ ಹಿಡಿದು ಕಣ್ಣೊರೆಸಿಕೊಂಡಳು.

ಮಗಳಿಗೆ ಬೆಂಗಳೂರಿನ ಅಂಗಡಿ ಕೊಬ್ಬರಿಯೇ ಗತಿಯಾಯಿತು. ತವರಿನ ಉಡಿ ಹೋಗಿದ್ದು ವಿಮಾನ ಕಂಪನಿಗೆ. ನಮ್ಮ ಕಡೆ ಉಡಿ ತುಂಬಿಸಿಕೊಂಡವರು ಹೆರಿಗೆಗೆ ತವರಿಗೇ ಬರಬೇಕು. ಕಂಪನಿಯವರು ಜೇವರ್ಗಿಗೆ ಯಾವಾಗ ಬರ್ತಾರೋ, ಯಾರಿಗಾದರೂ ಗೊತ್ತಿದ್ದರೆ ಹೇಳಿ. ಬಾಣಂತಿಯ ಹಾಲಿಗೆ ಎಮ್ಮೆ ಕೊಳ್ಳೋದಿದೆ.