ದೊಡ್ಡಮ್ಮ ಕಟ್ಟಿದ ಮಡಿಲಕ್ಕಿ

ಹೊಸ ರವಿಕೆ ಕಣದ ಗಂಜಿ ವಾಸನೆಗೆ ಅರಿಶಿನದ ಘಮ ಬೆರೆತರೆ ಸಾಕು, ಪಕ್ಕದ ಮನೆ ದೊಡ್ಡಮ್ಮ ಕಣ್ಣಮುಂದೆ ಬಂದು ಕೂರುತ್ತಾರೆ. ಇವತ್ತು ತಂಗಿಯ ಮಗಳ ಸೀಮಂತಕ್ಕೆಂದು ಬೀರು ತೆಗೆದಾಗಲೂ ಹಾಗೇ ಆಯಿತು.

ಕೆಲವು ವರ್ಷಗಳ ಹಿಂದೆ ಘಟ್ಟದ ಕಡೆ ಗುಡ್ಡ ಕುಸಿದಿತ್ತು. ಮಧುಗಿರಿಯ ನಮ್ಮ ಬೀದಿಯವರೆಲ್ಲ ಸೇರಿ ಒಂದು ಟೆಂಪೊ ತುಂಬ ಸಾಮಾನು ಹೊಂದಿಸಿದೆವು. ಪಾವಗಡದ ನೆಂಟರು ಕಡಲೆಕಾಯಿ ಕಳಿಸಿದರು. ಅಕ್ಕಿ ಚೀಲ ಕಟ್ಟುವ ಕೆಲಸ ದೊಡ್ಡಮ್ಮನದು. ನೋಡಿದರೆ ಒಂದೊಂದು ಚೀಲದಲ್ಲೂ ಕೊಬ್ಬರಿ, ರವಿಕೆ ಕಣ, ಅರಿಶಿನ ಕುಂಕುಮ, ಹಸಿರು ಬಳೆ ಇಡುತ್ತಿದ್ದಾರೆ.

"ಮನೆ ಕಳ್ಕೊಂಡಿರೋ ಹೆಣ್ಮಕ್ಳಿಗೆ ಬರೀ ಅಕ್ಕಿ ಕೊಡ್ತಾರೇನೇ?" ಅಂದರು. "ನಮ್ಮೂರಲ್ಲಿ ನನ್ ಕೈಲಿ ಮಡ್ಲು ತುಂಬುಸ್ಕಳೋರು ಯಾರವ್ರೆ? ಅಲ್ಲಿ ಯಾರೂ ಕೇಳಾಕಿಲ್ಲ ಬುಡು."

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು ಅವರು. ಮಡಿಲು ತುಂಬುವುದು ಮುತ್ತೈದೆಯರ ಕೆಲಸ... ಅಂಥ ಹೊತ್ತಿನಲ್ಲಿ ಅವರು ಅಡುಗೆಮನೆ ದಾಟಿ ಬಂದದ್ದನ್ನು ನಾನು ಕಂಡಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಬಳೆ ಎಣಿಸಿಕೊಟ್ಟೆ.

ಕೊರಟಗೆರೆ, ತುಮಕೂರು, ಹಾಸನ... ದಾರಿಯುದ್ದಕ್ಕೂ ದೊಡ್ಡಮ್ಮ ಮಾತಾಡಿದ್ದೇ ಮಾತಾಡಿದ್ದು. ಮಳೆ ಹೊಡೆಯುತ್ತಿದ್ದರೂ ಕಿಟಕಿ ಮುಚ್ಚಲು ಬಿಡಲಿಲ್ಲ.

ನಿರಾಶ್ರಿತರು ಒಂದು ಶಾಲೆಯಲ್ಲಿದ್ದರು. ದೊಡ್ಡಮ್ಮ ತಾವೇ ಚೀಲ ಹಂಚಿದರು. ಗೋಡೆಗೊರಗಿ ಕೂತಿದ್ದ ಹುಡುಗಿಯೊಬ್ಬಳು ಚೀಲ ಬಿಚ್ಚಿ ಬಳೆ ನೋಡಿದಳು. ಎದ್ದು ಬಂದು ಅವನ್ನು ದೊಡ್ಡಮ್ಮನ ಅಂಗೈಯಲ್ಲಿ ಇಟ್ಟಳು.

"ಇವು ಬೇಡಮ್ಮ. ಮೊನ್ನೆ ನಮ್ಮನೆಯವರನ್ನ ಮಣ್ಣಿಂದ ತೆಗೆದರು."

ಸಾವಾದ ಊರಿಗೆ ಬಳೆ ಕುಂಕುಮ ಹೊತ್ತು ಹೋಗಿದ್ದೆವು. ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ದೊಡ್ಡಮ್ಮನಿಗೂ.

ವಾಪಸು ಬರುವಾಗ ಕಿಟಕಿ ಮುಚ್ಚಿಯೇ ಇತ್ತು. ಬಳೆ ಅವರ ಮುಷ್ಟಿಯಲ್ಲೇ ಇದ್ದವು.

"ನನ್ ಕೈ ತಾಗಿದ್ಕೇ ಕಣೇ ಅಂಗಾಗಿದ್ದು."

"ನಾವು ಹೊರಡೋಕ್ಕೆ ಮೊದಲೇ ಸತ್ತಿದ್ದ ಅವನು, ದೊಡ್ಡಮ್ಮ."

"ನಿಂಗೊತ್ತಾಗಾಕಿಲ್ಲ, ಸುಮ್ಕಿರು."

ಆಮೇಲೆ ನನ್ನ ಮಗಳ ಸೀಮಂತವಾಯಿತು. ನೀವೇ ಮೊದಲು ಮಡಿಲು ತುಂಬಬೇಕು ಎಂದು ಕೈಹಿಡಿದು ಎಳೆದೆ. ಅಡುಗೆಮನೆ ಬಾಗಿಲು ಬಿಟ್ಟು ಕದಲಲಿಲ್ಲ. ಎರಡೂ ಕೈ ಸೆರಗಿನೊಳಗೆ. "ಬ್ಯಾಡ ಕಣಮ್ಮ, ಮಗಿ ಚೆನ್ನಾಗಿರ್ಲಿ" ಅಂದರು. ಇದೆಂಥಾ ಮೂಢತನ ಎಂದು ಎಲ್ಲರೆದುರೂ ರೇಗಿದೆ.

ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು. ಹೋದ ಮಳೆಗಾಲದಲ್ಲಿ ನನ್ನ ಗಂಡನೂ ತೀರಿಕೊಂಡರು.

ಈಗ ಬೀರುವಿನಿಂದ ತೆಗೆದ ರವಿಕೆ ಕಣ, ಬಳೆ ಎಲ್ಲವನ್ನೂ ತಂಗಿಯ ಕೈಗೆ ಕೊಟ್ಟು ಬಂದಿದ್ದೇನೆ. ಹೊರಗೆ ಹಸೆಮಣೆ ಮೇಲೆ ಕೂತ ಅವಳ ಮಗಳು ಕೂಗುತ್ತಿದ್ದಾಳೆ: "ದೊಡ್ಡಮ್ಮಾ, ನೀವೇ ಮೊದ್ಲು ತುಂಬ್ಬೇಕು, ಬನ್ನಿ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೇನೆ. ಕೈ ಸೆರಗಿನೊಳಗಿದೆ.