ಲಿಂಗಣ್ಣನ ಲಾಗ್‌ಬುಕ್ಕು

ಅಭಿಪ್ರಾಯ ಹೇಳುವ ಮುಂಚೆ ವಾಚು ನೋಡಿಕೊಳ್ಳುವವರನ್ನು ನಾನು ಕಂಡದ್ದು ಒಬ್ಬರನ್ನೇ, ನಾವೆಲ್ಲ ಲಿಂಗಣ್ಣ ಎನ್ನುತ್ತಿದ್ದ ಮಳವಳ್ಳಿಯ ಚಿಕ್ಕಲಿಂಗಯ್ಯನವರನ್ನು. ಕೋರ್ಟಿನ ಎದುರಿನ ಟೀ ಹೋಟೆಲಿನಲ್ಲಿ ಯಾರಾದರೂ ಸರ್ಕಾರದ ಮಾತೆತ್ತಿದರೆ ಮೊದಲು ಎಡಗೈ ತಿರುಗಿಸಿ ಗಂಟೆ ನೋಡುತ್ತಿದ್ದರು. ಆಮೇಲೆ ಉದ್ದನೆಯ ರಟ್ಟಿನ ಪುಸ್ತಕ ತೆರೆದು "ಹತ್ತು ಇಪ್ಪತ್ತು" ಎಂದು ಬರೆದು, ಪಕ್ಕದಲ್ಲಿ ತಮ್ಮ ಅಭಿಪ್ರಾಯ ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದುತ್ತಿದ್ದರು. ಅಷ್ಟರಲ್ಲಿ ಮಾತೆತ್ತಿದವನ ಟೀ ಆರಿಹೋಗಿರುತ್ತಿತ್ತು.

ಅದು ಶಿವನಸಮುದ್ರದ ಪವರ್ ಹೌಸಿನಿಂದ ಬಂದ ಚಟ. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ಆಪರೇಟರ್ ಆಗಿದ್ದವರು. ಗಂಟೆಗೊಮ್ಮೆ ಮೀಟರಿನ ರೀಡಿಂಗ್ ನೋಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ತಪ್ಪಾದರೆ ಅಳಿಸುವಂತಿಲ್ಲ, ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಮತ್ತೆ ಸಹಿ ಮಾಡಬೇಕು. ಹಾಳೆ ಹರಿದರಂತೂ ನೌಕರಿಗೇ ಸಂಚಕಾರ. ರಿಟೈರಾದ ಮೇಲೆ ಈ ಕಾಯಿದೆಯನ್ನು ಅವರು ರಾಜಕೀಯ, ಕೋರ್ಟು, ದೇವರು ಎಲ್ಲಕ್ಕೂ ಹಚ್ಚಿಬಿಟ್ಟರು.

"ನಿಜ ಅನ್ನೋದು ಆ ಗಂಟೆ ರೀಡಿಂಗು ಕಣಪ್ಪ. ಇನ್ನೊಂದ್ ಗಂಟೆಗೆ ಮುಳ್ಳು ಅಲ್ಲಾಡಿರ್ತದೆ. ಅಂಗಂತ ಮದ್ಲು ಬರ್ದಿದ್ದ ಅಳಿಸ್ಬುಟ್ರೆ ನೀನು ಕಳ್ಳ" ಎನ್ನುತ್ತಿದ್ದರು.

ನಾನು ಆ ಕೋರ್ಟಿನಲ್ಲಿ ವಕೀಲ. ಅಭಿಪ್ರಾಯ ಇಟ್ಟುಕೊಳ್ಳುವುದೇ ಆಯಾಸದ ಕೆಲಸ ಅನ್ನಿಸತೊಡಗಿ ಎಷ್ಟೋ ಕಾಲವಾಗಿತ್ತು. ಯಾವ ಪಕ್ಷ ಬಂದರೂ ನನ್ನ ಕಕ್ಷಿದಾರರು ಅದೇ ಬೆಂಚಿನ ಮೇಲೆ ಅದೇ ಬುತ್ತಿ ಬಿಚ್ಚುತ್ತಿದ್ದರು. ಆದರೂ ಲಿಂಗಣ್ಣನ ಪುಸ್ತಕ ದಿನಾ ಓದುತ್ತಿದ್ದೆ. "ಓಟಿನ ದಿನ ರಜ ಕೊಡಬಾರದು, ಜನ ಮುತ್ತತ್ತಿಗೆ ಪಿಕ್ನಿಕ್ ಹೋಗುತ್ತಾರೆ" ಎಂದು ಒಂದು ಕಡೆ. "ದೇವರು ಇದ್ದಾನೆ. ಮೈಕು ಬೇಕೆಂದು ಅವನು ಕೇಳಿಲ್ಲ" ಎಂದು ಇನ್ನೊಂದು ಕಡೆ.

ಪುಸ್ತಕ ಹೋಟೆಲಿನ ಬೆಂಚಿನ ಮೇಲೇ ಇರುತ್ತಿತ್ತು, ದಾರ ಕಟ್ಟಿದ ಪೆನ್ನಿನ ಸಮೇತ. ಒಪ್ಪದವರು ಬರೆಯಬಹುದಿತ್ತು. ಒಮ್ಮೆ ಆಟೋದ ಮಹದೇವ "ಈ ಮುದುಕನಿಗೆ ತಲೆ ಕೆಟ್ಟಿದೆ" ಎಂದು ಗೀಚಿದ. ನನಗೆ ಕೋಪ ಬಂತು. ಲಿಂಗಣ್ಣ ಸ್ಟ್ಯಾಂಡಿನವರೆಗೂ ನಡೆದುಹೋಗಿ ಅವನನ್ನು ಕರೆತಂದರು.

"ಬಯ್ಯೋದು ನಿನ್ನಕ್ಕು ಕಣ್ಲಾ, ಬ್ಯಾಡ ಅನ್ನಲ್ಲ. ಟೈಮ್ ಯಾಕಾಕಿಲ್ಲ? ಸಯಿ ಎಲ್ಲಿ?"

ಮಹದೇವ ತಲೆ ಕೆರೆದುಕೊಳ್ಳುತ್ತಾ ಸಹಿ ಹಾಕಿದ. ಆಮೇಲೆ ಅವನೂ ದಿನಾ ಬರೆಯತೊಡಗಿದ, ಹೆಚ್ಚಾಗಿ ಬೈಗುಳವೇ.

ತಮ್ಮ ಮಾತಿಗೂ ಲಿಂಗಣ್ಣ ಗೆರೆ ಎಳೆಯುತ್ತಿದ್ದರು. ಕೊಲೆ ಮಾಡಿದವನನ್ನು ಮೂರು ತಿಂಗಳಲ್ಲಿ ಗಲ್ಲಿಗೆ ಹಾಕಬೇಕು ಎಂದು ಬರೆದಿದ್ದವರು ಒಂದು ದಿನ ನಾನೇ ನಡೆಸುತ್ತಿದ್ದ ಕೇಸು ನೋಡಲು ಬಂದು ಕೂತರು. ಕಣ್ಣಾರೆ ಕಂಡೆ ಎಂದ ಸಾಕ್ಷಿ, ಆರೋಪಿಯನ್ನು ಬಿಟ್ಟು ಹಿಂದೆ ಕೂತಿದ್ದ ಅವನ ತಮ್ಮನನ್ನು ತೋರಿಸಿದ. ಹೊರಗೆ ಬಂದವರೇ ಹಳೆಯ ಸಾಲಿಗೆ ಗೆರೆ ಎಳೆದು "ಗಲ್ಲು ಬೇಡ. ನಾನು ತಿಳಿಯದೆ ಬರೆದಿದ್ದೆ" ಎಂದು ಸಹಿ ಹಾಕಿದರು. ಅಷ್ಟು ಸಲೀಸಾಗಿ ಸೋಲೊಪ್ಪಿಕೊಂಡವರನ್ನು ನಾನು ಕೋರ್ಟಿನಲ್ಲಿ ನೋಡಿಲ್ಲ.

ನಾಲೆಯ ಪ್ರಸಂಗ ಬಂದದ್ದು ಎರಡು ವರ್ಷದ ಹಿಂದೆ. ನಮ್ಮ ಕಡೆಯ ಮುಖಂಡರೊಬ್ಬರು ಸಭೆಯಲ್ಲಿ, ಕೊನೆಯ ತೂಬಿನವರೆಗೂ ನೀರು ಹರಿಸಿದ್ದೇನೆ ಎಂದು ಭಾಷಣ ಮಾಡಿದರು. ಲಿಂಗಣ್ಣ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ತೂಬು ನೋಡಿ ಬಂದು ಬರೆದರು: "ಎಂಟು ಗಂಟೆಗೆ ತೂಬಿನಲ್ಲಿ ನೀರಿಲ್ಲ. ಕಪ್ಪೆಯೂ ಇಲ್ಲ. ಅವರು ಹೇಳಿದ್ದು ಸುಳ್ಳೆಂದು ನನ್ನ ಅಭಿಪ್ರಾಯ." ಯಾರೋ ಇದನ್ನು ಮುಖಂಡರ ಕಡೆಯವರ ಕಿವಿಗೆ ಹಾಕಿದರು. ಮಾನಹಾನಿ, ಪ್ರಚೋದನೆ ಎಂದು ದೂರು ಹೋಯಿತು. ಪುಸ್ತಕ ತೆಗೆದುಕೊಂಡು ಸ್ಟೇಷನ್ನಿಗೆ ಬನ್ನಿ ಎಂದು ಕರೆ ಬಂತು.

ಕೇಸು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೀಳುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂದೂ ಗೊತ್ತಿತ್ತು. ಅವರಿಗೆ ಎಪ್ಪತ್ತನಾಲ್ಕು. ಕೋರ್ಟಿನ ಆ ಬೆಂಚಿನ ಮೇಲೆ ಬುತ್ತಿ ಹಿಡಿದು ಅವರು ಕೂತಿರುವುದನ್ನು ನೆನೆದೇ ಹೆದರಿದೆ. ಅವರು ಬರುವ ಮೊದಲೇ ಹೋಟೆಲಿಗೆ ಹೋಗಿ, ಆ ಹಾಳೆ ಹರಿದು ಒಲೆಗೆ ಹಾಕಿದೆ. ವಾಚು ನೋಡಿಕೊಂಡೆ. ಹತ್ತೂ ಮುಕ್ಕಾಲು ಆಗಿತ್ತು.

ಲಿಂಗಣ್ಣನ ಜೊತೆ ನಾನೂ ಸ್ಟೇಷನ್ನಿಗೆ ಹೋದೆ. ಸಬ್‌ಇನ್‌ಸ್ಪೆಕ್ಟರು ಪುಸ್ತಕ ತಿರುವಿ ಹಾಕಿದರು. ಏನೂ ಸಿಗಲಿಲ್ಲ. ಲಿಂಗಣ್ಣ ತಾವೇ ಬಗ್ಗಿ ಹುಡುಕಿದರು.

"ಬರ್ದಿದ್ದೆ ಸಾರ್. ಇಲ್ಲೇ ಇತ್ತು, ನೂರ ನಲವತ್ಮೂರನೇ ಪುಟ."

ಅವರು ಇನ್ನೊಂದು ಮಾತು ಆಡುವ ಮೊದಲು ನಾನು ನಡುವೆ ಬಾಯಿ ಹಾಕಿದೆ. "ವಯಸ್ಸಾಗಿದೆ ಸಾರ್, ಮರೆವು. ಏನೇನೋ ಹೇಳ್ತಾರೆ."

ಸಬ್‌ಇನ್‌ಸ್ಪೆಕ್ಟರು ನಕ್ಕರು. ಹಿರಿಯರನ್ನು ಮನೆಗೆ ಕರಕೊಂಡು ಹೋಗಿ ಎಂದು ಟೀ ಕುಡಿಸಿ ಕಳಿಸಿದರು. ನಾನು ಗೆದ್ದೆ ಅಂದುಕೊಂಡಿದ್ದೆ. ಗೇಟಿನ ಹೊರಗೆ ಲಿಂಗಣ್ಣ ನಿಂತರು. ಕೋಪವಿರಲಿಲ್ಲ, ಸುಸ್ತಾದಂತೆ ಕಂಡರು.

"ಅವ್ರು ಅರ್ದಾಕಿದ್ರೆ ಇನ್ನೊಂದ್ ಸಲ ಬರೀತಿದ್ದೆ ಕಣಪ್ಪ. ನೀನು ನಂಗೆ ಮರೆವು ಅಂದ್ಬುಟ್ಟೆ. ಇನ್ಮ್ಯಾಕೆ ಏನ್ ಬರುದ್ರೂ ಮರೆವಿನ್ ಮುದ್ಕ ಬರ್ದದ್ದು ಅಂತಾರೆ."

"ನಿಮ್ಮ ಒಳ್ಳೇದಕ್ಕೇ ಲಿಂಗಣ್ಣ."

"ಊ ಕಣಪ್ಪ. ಒಳ್ಳೇದಕ್ಕೇ ಮಾಡ್ದೆ. ಬುಡು."

ಮಾರನೆಯ ದಿನದಿಂದ ಪುಸ್ತಕ ಬೆಂಚಿನ ಮೇಲೆ ಕಾಣಲಿಲ್ಲ. ಅವರು ಬರುತ್ತಿದ್ದರು, ಟೀ ಕುಡಿಯುತ್ತಿದ್ದರು. ಯಾರಾದರೂ ಸರ್ಕಾರದ ಮಾತೆತ್ತಿದರೆ ವಾಚು ನೋಡಿಕೊಂಡು ಸುಮ್ಮನಾಗುತ್ತಿದ್ದರು. "ಬಯ್ಯೋಕ್ ಪುಸ್ತಕ ಇಲ್ದಂಗಾಯ್ತಲ್ಲ ಅಣ್ಣ" ಎಂದು ಮಹದೇವ ಎಷ್ಟು ಕೆಣಕಿದರೂ ನಕ್ಕುಬಿಡುತ್ತಿದ್ದರು. ಹೀಗೇ ಒಂದು ವರ್ಷ ಕಳೆದು, ಹೋದ ಮಳೆಗಾಲದಲ್ಲಿ ತೀರಿಕೊಂಡರು.

ತಿಥಿಯ ದಿನ ಅವರ ಹೆಂಡತಿ ಜಯಮ್ಮನವರು ಪುಸ್ತಕ ತಂದು ನನ್ನ ಕೈಗಿಟ್ಟರು. "ನಿಮ್ಗೇ ಕೊಡ್ಬೇಕು ಅಂದಿದ್ರು ಕಣಪ್ಪ. ಅದೇನೋ ಬಾಕಿ ಐತಂತೆ."

ಮನೆಗೆ ಬಂದು ತೆರೆದೆ. ಹರಿದ ಹಾಳೆಯ ಅಂಚು ಹೊಲಿಗೆಯಲ್ಲಿ ಹಾಗೇ ಉಳಿದಿತ್ತು. ಎದುರಿಗೆ ನೂರ ನಲವತ್ತೈದನೇ ಪುಟ. ಅದರಲ್ಲಿ ಸ್ಟೇಷನ್ನಿಗೆ ಹೋದ ದಿನದ ತಾರೀಖು, ಮಧ್ಯಾಹ್ನದ ಸಮಯ, ಅವರ ದುಂಡನೆಯ ಅಕ್ಷರ: "ಹಿಂದಿನ ಹಾಳೆ ಇಲ್ಲ. ನಾನು ಹರಿದಿಲ್ಲ. ನನಗೆ ಮರೆವಿಲ್ಲ. ಹರಿದವರು ಸಮಯ ಬರೆದು ಸಹಿ ಮಾಡುವುದು." ಕೆಳಗೆ ಅವರ ಸಹಿ. ಅದರ ಕೆಳಗೆ ಸ್ಕೇಲು ಇಟ್ಟು ಎಳೆದ ಒಂದು ಖಾಲಿ ಗೆರೆ.

ಎಲ್ಲಿ ಸಹಿ ಹಾಕಬೇಕೆಂದು ದಿನಾ ಹತ್ತಾರು ಜನರಿಗೆ ಬೆರಳಿಟ್ಟು ತೋರಿಸುವವನು ನಾನು. ಪುಸ್ತಕ ನನ್ನ ಮೇಜಿನ ಮೇಲಿದೆ, ಪೆನ್ನು ಇನ್ನೂ ಅದರ ದಾರದಲ್ಲೇ ಇದೆ. ಹತ್ತೂ ಮುಕ್ಕಾಲು ಎಂದು ಬರೆದಿದ್ದೇನೆ. ಸಹಿ ಇನ್ನೂ ಹಾಕಿಲ್ಲ.